ಬಣ್ಣ ಹಿಡಿಯದ ನೂಲು

ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುವುದು ಹತ್ತಿ ಬಟ್ಟೆಯ ಮೇಲೆ. ಅದಕ್ಕೆ ಮಂಜಿಷ್ಠ, ನೀಲಿ, ದಾಳಿಂಬೆ ಸಿಪ್ಪೆಯ ಬಣ್ಣ. ಅಲ್ಲಿಂದ ಹೊಸಪೇಟೆಗೆ ಬಂದು ಯಾವ ಬಟ್ಟೆ ಅಂಗಡಿ ಹೊಕ್ಕರೂ ಕೈಗೆ ಸಿಗುವುದು ಪಾಲಿಯೆಸ್ಟರ್. ಈ ನೂಲು ಹುಟ್ಟಿದ ಜಾಗ ಮಾತ್ರ ಸೋಜಿಗದ್ದು: ಹತ್ತಿ ಬಟ್ಟೆಗೆ ಚಿತ್ತಾರ ಅಚ್ಚು ಹಾಕುತ್ತಿದ್ದ ಕಂಪನಿಯೊಂದರ ಪ್ರಯೋಗಶಾಲೆ.

ಇಂಗ್ಲೆಂಡಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ 1899ರಲ್ಲಿ ಹತ್ತಾರು ಅಚ್ಚುಮನೆಗಳು ಕೂಡಿ ಕಟ್ಟಿದ ಸಂಸ್ಥೆ. ಭಾರತ ಅದರ ದೊಡ್ಡ ಮಾರುಕಟ್ಟೆ. ಮೊದಲ ಮಹಾಯುದ್ಧದ ನಂತರ ನಮ್ಮ ಗಿರಣಿಗಳು ಬೆಳೆದವು, ಜಪಾನಿನ ಅಗ್ಗದ ಬಟ್ಟೆ ಬಂತು, ವಿದೇಶಿ ಬಟ್ಟೆಯ ಬಹಿಷ್ಕಾರ ಊರೂರಿಗೆ ಹಬ್ಬಿತು. ಆ ಸಂಸ್ಥೆಯ ಯಂತ್ರಗಳು ಒಂದೊಂದಾಗಿ ನಿಂತವು. ಹೀಗೆ ಇಳಿಮುಖದಲ್ಲಿದ್ದ ಸಂಸ್ಥೆಯಲ್ಲಿ ದುಡಿದವರು ರಸಾಯನ ವಿಜ್ಞಾನಿ ಜಾನ್ ರೆಕ್ಸ್ ವಿನ್‌ಫೀಲ್ಡ್ (1901–1966).

ಅಮೆರಿಕದ ರಸಾಯನ ವಿಜ್ಞಾನಿ ಕಾರೊಥರ್ಸ್ ಪಾಲಿಯೆಸ್ಟರ್ ಎಳೆಗಳನ್ನು ಆಗಲೇ ತೆಗೆದಿದ್ದರು. ಅವು ಕಡಿಮೆ ಬಿಸಿಗೇ ಕರಗುತ್ತಿದ್ದರಿಂದ ಕೈಬಿಟ್ಟು ನೈಲಾನಿನತ್ತ ಹೊರಳಿದ್ದರು. ಅಣುವಿನಲ್ಲಿ ಬೆಂಜೀನ್ ಉಂಗುರ ಸಮಸಮವಾಗಿ ಕೂತರೆ ಎಳೆ ಗಟ್ಟಿಯಾದೀತು ಎಂಬುದು ವಿನ್‌ಫೀಲ್ಡ್‌ರ ಊಹೆ. ಟೆರೆಫ್ತಾಲಿಕ್ ಆಮ್ಲಕ್ಕೆ ಎಥಿಲೀನ್ ಗ್ಲೈಕಾಲ್ ಸೇರಿಸಿ, 1941ರಲ್ಲಿ ಅವರೂ ಸಹೋದ್ಯೋಗಿ ಜೇಮ್ಸ್ ಡಿಕ್ಸನ್‌ರೂ ಆ ನೂಲನ್ನು ತೆಗೆದೇಬಿಟ್ಟರು. ಅದೇ ಟೆರಿಲಿನ್. ನಮ್ಮ ಹಿರಿಯರು ಮದುವೆಗೆಂದು ಹೊಲಿಸುತ್ತಿದ್ದ ಟೆರಿಕಾಟ್ ಅಂಗಿಯಲ್ಲಿ ಹತ್ತಿಯ ಜೊತೆ ಬೆರೆತದ್ದು ಈ ಎಳೆಯೇ. ಕುಸಿಯುವ ಉದ್ಯಮದಲ್ಲಿ ಸಂಶೋಧನೆಗೆ ಹಣ ಸುರಿಯುವುದು ದಂಡ ಎನ್ನುವವರು ಈ ಕತೆ ಓದಬೇಕು. ಪೇಟೆಂಟಿನ ರಾಯಧನ ಆ ಕಂಪನಿಯನ್ನು ಎಷ್ಟೋ ವರ್ಷ ಪೊರೆಯಿತು.

ಆದರೆ ಅಚ್ಚುಮನೆಯ ಈ ಕೂಸು ಹಳೆಯ ಬಣ್ಣಗಳಿಗೆ ಒಲಿಯಲಿಲ್ಲ. ಹತ್ತಿ ನೀರು ಕುಡಿಯುತ್ತದೆ. ಪಟಿಕದ ನೀರಲ್ಲಿ ನೆನೆಸಿದರೆ ಅದರ ಅಲ್ಯೂಮಿನಿಯಂ ಎಳೆಯನ್ನೂ ಮಂಜಿಷ್ಠದ ಕೆಂಪನ್ನೂ ಬಿಗಿಯಾಗಿ ಬೆಸೆಯುತ್ತದೆ. ಪಾಲಿಯೆಸ್ಟರಿನ ಅಣುಗಳು ಒತ್ತೊತ್ತಾಗಿದ್ದು ನೀರನ್ನು ಒಳಬಿಡುವುದೇ ಇಲ್ಲ. ನೀರಿನಲ್ಲಿ ಕರಗದೆ ನುಣ್ಣಗೆ ಹರಡುವ ಬೇರೆಯೇ ಬಣ್ಣ ಬೇಕು; ಸಾಮಾನ್ಯವಾಗಿ ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಸಂಡೂರಿನ ಬಣ್ಣದ ಹಂಡೆಗೆ ಅದು ಎಟುಕದು.

ಹಂಡೆಯ ಕೆಲಸಕ್ಕೂ ರಸಾಯನ ವಿಜ್ಞಾನ ಬೇಡವೆಂದಲ್ಲ. ದಾಳಿಂಬೆ ಸಿಪ್ಪೆಯ ಟ್ಯಾನಿನ್‌ಗೆ ಕಬ್ಬಿಣ ತಗುಲಿದರೆ ಹಳದಿ ಕಪ್ಪಿಡುತ್ತದೆ. ಕಬ್ಬಿಣದ ಅದಿರಿನ ನಾಡು ಸಂಡೂರಿನಲ್ಲಿ ನೀರನ್ನು ಪರೀಕ್ಷಿಸಿಯೇ ಬಣ್ಣಕ್ಕೆ ಬಳಸುವುದು ಲೇಸು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಷ್ಟು ಹೆಸರಾದ ಬಟ್ಟೆಯ ಬಣ್ಣ ಒಗೆತಕ್ಕೆ, ಬಿಸಿಲಿಗೆ ಎಷ್ಟು ತಾಳುತ್ತದೆ, ಯಾವ ಬಾವಿಯ ನೀರಿಗೆ ಎಷ್ಟು ಪಟಿಕ ಬೇಕು ಎಂಬುದನ್ನು ಅಳೆದು ಬರೆದಿಡುವ ಕೆಲಸವನ್ನು ಸಂಡೂರು, ಕಂಪ್ಲಿ, ಹೊಸಪೇಟೆಯ ಕಾಲೇಜುಗಳ ರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು. ಅದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ.