ನೂರು ವರ್ಷ ತೂಗುವ ತೊಟ್ಟಿಲು

ಕಲಘಟಗಿಯ ಬಣ್ಣದ ತೊಟ್ಟಿಲು ತೂಗಿದವರಿಗೆ ಈ ಗುಟ್ಟು ಗೊತ್ತು. ಜೋರು ಬೇಕಿಲ್ಲ, ತೊಟ್ಟಿಲು ನಮ್ಮತ್ತ ಹೊರಳುವ ಗಳಿಗೆ ನೋಡಿ ಹಗ್ಗ ಜಗ್ಗಿದರೆ ತೂಗು ತಾನೇ ಏರುತ್ತದೆ. ಕೈಬಿಟ್ಟಿರೋ, ಕೊಂಡಿಯ ತಿಕ್ಕಾಟ, ಗಾಳಿ ಸೇರಿ ನಿಲ್ಲಿಸಿಬಿಡುತ್ತವೆ. ಮಗು ಏಳುವುದೂ ಆಗಲೇ.

ಕಣವೇಗವರ್ಧಕದೊಳಗಿನ ಲೋಹದ ಕುಹರವೂ ಇಂಥದೇ ತೊಟ್ಟಿಲು. ಅಲ್ಲಿ ತೂಗುವುದು ವಿದ್ಯುತ್ ಕ್ಷೇತ್ರ. ಅದರ ಜೀಕಿಗೆ ಸಿಕ್ಕ ಪ್ರೋಟಾನು, ಎಲೆಕ್ಟ್ರಾನುಗಳು ಒಂದೊಂದು ಕುಹರ ದಾಟಿದಂತೆಲ್ಲ ಶಕ್ತಿ ಗಳಿಸುತ್ತವೆ. ಕುಹರ ತಾಮ್ರದ್ದಾದರೆ ಕೊಟ್ಟ ಶಕ್ತಿಯ ದೊಡ್ಡ ಪಾಲು ಗೋಡೆ ಕಾಯುವುದಕ್ಕೇ ಹೋಗುತ್ತದೆ. ನಯೋಬಿಯಂನದಾಗಿದ್ದು, ದ್ರವ ಹೀಲಿಯಂನಲ್ಲಿ ಮೈನಸ್ 271 ಡಿಗ್ರಿಗೆ ಇಳಿಸಿದರೆ ಅದು ಅತಿವಾಹಕ. ಗೋಡೆಯ ನಷ್ಟ ಲಕ್ಷದಲ್ಲೊಂದು ಪಾಲಿಗೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿದೆ: ಎರಡು ಸೆಕೆಂಡಿಗೊಮ್ಮೆ ಹೋಗಿಬರುವ ನಮ್ಮ ತೊಟ್ಟಿಲಿಗೆ ಆ ಗುಣವಿದ್ದಿದ್ದರೆ, ಒಮ್ಮೆ ತೂಗಿ ಬಿಟ್ಟು 100 ವರ್ಷವಾದ ಮೇಲೂ ಮೂರನೇ ಒಂದು ಪಾಲು ಶಕ್ತಿ ಉಳಿದಿರುತ್ತಿತ್ತು. ಮಲಗಿದ್ದ ಮಗು ಮುತ್ತಜ್ಜನಾದರೂ ತೊಟ್ಟಿಲು ನಿಲ್ಲದು.

ಚಳಿ ಮಾತ್ರ ಪುಕ್ಕಟೆ ಸಿಗುವುದಿಲ್ಲ. ಅಷ್ಟು ತಂಪಿನಲ್ಲಿ ಹುಟ್ಟಿದ ಒಂದು ವಾಟ್ ಬಿಸಿಯನ್ನು ಹೊರಹಾಕಲು ಸಾವಿರದ ಆಸುಪಾಸು ವಾಟ್ ವಿದ್ಯುತ್ ಸುಡಬೇಕು. ಈಗಿನ ಸಂಶೋಧನೆಯ ಜಿದ್ದೆಲ್ಲ ಆ ಒಂದು ವಾಟಿನ ಮೇಲೆಯೇ. ಅಮೆರಿಕದ ಫರ್ಮಿಲ್ಯಾಬಿನಲ್ಲಿ ಅನ್ನಾ ಗ್ರಾಸೆಲಿನೋ ಅವರ ಪ್ರಯೋಗವೊಂದು ಕೆಟ್ಟು ಒಳ್ಳೆಯದಾಯಿತು. ನಯೋಬಿಯಂ ಕಾಸಿ, ನೈಟ್ರೋಜನ್ ಹಾಯಿಸಿ, ಮೇಲೊಂದು ಹೊಸ ಪದರ ಕಟ್ಟುವ ಯೋಚನೆ. ಪದರ ಕೈಕೊಟ್ಟಿತು. ಮೇಲ್ಮೈಯನ್ನು ಕೆಲವು ಮೈಕ್ರಾನ್ ಸವೆಸಿ ಅಳೆದರೆ, ಒಳಗೆ ಉಳಿದ ತುಸು ನೈಟ್ರೋಜನ್‌ನಿಂದಲೇ ನಷ್ಟ ಅರ್ಧದಷ್ಟು ತಗ್ಗಿತ್ತು! ಲೋಹದ ಶುದ್ಧಿಗೆ ಮಡಿ ಹಿಡಿದಿದ್ದವರಿಗೆ ಇದು ಮೈಲಿಗೆ ಕಲಿಸಿದ ಪಾಠ. 2023ರಲ್ಲಿ ಮೊದಲ ಎಕ್ಸ್-ಕಿರಣ ಕೊಟ್ಟ ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್-2 ಯಂತ್ರದ ಕುಹರಗಳು ಇದೇ ಸಂಸ್ಕಾರ ಪಡೆದವು.

ನಮ್ಮವರ ಕೈವಾಡವೂ ಇದೆ. ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರ ಹೆಸರು ಹೊತ್ತ ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿ, ಸೆಕೆಂಡಿಗೆ 65 ಕೋಟಿ ಸಲ ತೂಗುವ ನಯೋಬಿಯಂ ಕುಹರಗಳು ರೂಪುಗೊಂಡಿವೆ. ಇಂಥ ಕುಹರಗಳು ಬೇಕಾಗುವ, ಫರ್ಮಿಲ್ಯಾಬಿನ ಪಿಪ್-2 ಎಂಬ 215 ಮೀಟರ್ ಉದ್ದದ ಪ್ರೋಟಾನು ಯಂತ್ರಕ್ಕಾಗಿ ಭಾರತ 2018ರಲ್ಲಿ ಒಪ್ಪಂದ ಮಾಡಿಕೊಂಡಿತು.

ನನ್ನ ಕಣ್ಣಿರುವುದು ಇನ್ನೊಂದರ ಮೇಲೆ: ನಯೋಬಿಯಂಗೆ ತವರ ಬೆರೆತ ಮಿಶ್ರಣ. ಮೈನಸ್ 269 ಡಿಗ್ರಿಯಲ್ಲೇ ಚೆನ್ನಾಗಿ ಕೆಲಸ ಮಾಡುವುದರಿಂದ ಹೀಲಿಯಂ ಸ್ನಾನ ಬೇಡ, ಸಣ್ಣ ಶೀತಕಯಂತ್ರವೇ ಸಾಕು. ಆದರೆ ಬಾಗಿಸಹೋದರೆ ಹಪ್ಪಳದಂತೆ ಮುರಿಯುವ ಜಾತಿ. ಹಾಗಾಗಿ ಸಾಗವಾನಿಯ ಮೇಲೆ ಅರಗಿನ ಬಣ್ಣ ಕೂರಿಸುವಂತೆ, ನಯೋಬಿಯಂ ಕುಹರದೊಳಗೆ ತವರದ ಆವಿ ಹಾಯಿಸಿ ತೆಳು ಪದರ ಕಟ್ಟುತ್ತಾರೆ. ಕೊಳಚೆ ನೀರು ಶುದ್ಧಿಗೆ, ಆಸ್ಪತ್ರೆಯ ಸಾಮಾನಿನ ಕ್ರಿಮಿನಾಶಕ್ಕೆ ಲಾರಿಯ ಮೇಲೆ ಒಯ್ಯಬಹುದಾದಷ್ಟು ಚಿಕ್ಕ ಯಂತ್ರ ಮಾಡುವುದು ಸಂಶೋಧಕರ ಗುರಿ. ಪ್ರಯೋಗಾಲಯದಲ್ಲಿ ಪದರ ಕೂತಿದೆ. ಯಂತ್ರ ಇನ್ನೂ ಪೇಟೆಗೆ ಬಂದಿಲ್ಲ.