ಉಕ್ಕಿನ ಉಪಕರಣವೂ ಮೈನೋವೂ

ದಿನವೆಲ್ಲ ಕಂಪ್ಯೂಟರಿನ ಮುಂದೆ ಬಾಗಿ ಕುಳಿತು, ಸಂಜೆ ಹೆಗಲು ಹಿಡಿದುಕೊಂಡು ಮನೆ ಸೇರುವ ನೌಕರರು ನಮ್ಮ ವಾಚಕರಲ್ಲಿ ಬಹುಮಂದಿ. ಅಂಥವರಿಗಾಗಿ ತುಕ್ಕು ಹಿಡಿಯದ ಉಕ್ಕಿನ ಬಾಗಿದ ಪಟ್ಟಿಗಳೂ, ಮೈ ಉಜ್ಜುವ ಉರುಳೆಗಳೂ ಈಗ ಮಾರಾಟಕ್ಕೆ ಬಂದಿವೆ. ಇವುಗಳಿಂದ ಉಜ್ಜಿದರೆ ಮಾಂಸದೊಳಗಿನ ಗಂಟುಗಳು ಒಡೆದುಹೋಗುವುವೆಂಬ ಜಾಹೀರಾತೂ ಜೊತೆಗಿದೆ. ಇದರಲ್ಲಿ ನಂಬತಕ್ಕದ್ದೆಷ್ಟು, ಬಿಡತಕ್ಕದ್ದೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಪದ್ಧತಿಯೇನೋ ಹೊಸದಲ್ಲ. ಎಣ್ಣೆ ಸವರಿದ ಮೈಯನ್ನು ಕೊಂಬಿನ ತುಂಡಿನಿಂದಲೋ ಪಿಂಗಾಣಿ ಚಮಚದಿಂದಲೋ ಕೆರೆಯುವ ‘ಗ್ವಾ ಷಾ’ವನ್ನು ಚೀನ ದೇಶದವರು ಬಹುಕಾಲದಿಂದ ಬಲ್ಲರು. ಪೈಲ್ವಾನರ ಮೈಗೆ ಎಣ್ಣೆ ತಿಕ್ಕುವ ಅಂಗಮರ್ದನವು ಮೈಸೂರಿನ ಗರಡಿಮನೆಗಳಿಗೂ ಪರಿಚಿತವಾದುದೇ. ಅಮೆರಿಕಾದ ಡೇವಿಡ್ ಗ್ರಾಸ್ಟನ್ ಎಂಬವರು ನೀರಿನ ಮೇಲೆ ಜಾರುವ ಆಟದಲ್ಲಿ ಮೊಣಕಾಲಿಗೆ ಪೆಟ್ಟು ತಿಂದು, 1980ರ ದಶಕದ ಕೊನೆಯ ವೇಳೆಗೆ ಲೋಹದ ಉಪಕರಣಗಳನ್ನು ರೂಪಿಸತೊಡಗಿದರು. ಅವರ ಹೆಸರಿನ ಕ್ರಮವು ಮುಂದೆ ಚಿಕಿತ್ಸಾಲಯಗಳನ್ನು ಹೊಕ್ಕಿತು.

ಇದರಿಂದ ಫಲವೇ ಇಲ್ಲವೆಂದು ನಾವು ಹೇಳುವುದಿಲ್ಲ. ಅನೇಕರಿಗೆ ನೋವು ಕೆಲಕಾಲ ತಗ್ಗುವುದು. ಕೀಲು ತುಸು ಹೆಚ್ಚು ಆಡುವುದು. ಆದರೆ ಗಂಟು ಒಡೆಯಿತೆಂಬುದಕ್ಕೆ ಆಧಾರ ಸಾಲದು. ತೊಡೆಯ ಹೊರಬದಿಯ ಹಾಗೂ ಅಂಗಾಲಿನ ಗಟ್ಟಿ ಪೊರೆಗಳನ್ನು ಶೇಕಡಾ 1ರಷ್ಟು ಅಮುಕುವುದಕ್ಕೂ ಸಾಮಾನ್ಯ ಮಿತಿಯನ್ನು ಮೀರಿದ ಬಲ ಬೇಕೆಂದು 2008ರಲ್ಲಿ ಪ್ರಕಟವಾದ ಶೋಧನೆಯೊಂದು ಲೆಕ್ಕಹಾಕಿ ತೋರಿಸಿತು. ಬದಲಾಗುವುದು ಬಹುಮಟ್ಟಿಗೆ ನರಗಳು ನೋವನ್ನು ಗ್ರಹಿಸುವ ಬಗೆ ಎಂದು ತಜ್ಞರು ಎಣಿಸುತ್ತಾರೆ. ಆದುದರಿಂದ, ದೊರೆತ ಆ ಅಲ್ಪ ವಿರಾಮದಲ್ಲಿ ಅಂಗವನ್ನು ಆಡಿಸಿ, ವ್ಯಾಯಾಮದಿಂದ ಕ್ರಮವಾಗಿ ಬಲಪಡಿಸದಿದ್ದರೆ ಹಳೆಯ ನೋವು ಮರಳಿ ಬರುವುದು ಸಹಜ.

ಚರ್ಮ ಕಪ್ಪಾಗುವಂತೆ ಉಜ್ಜುವುದು ಗುಣದ ಲಕ್ಷಣವಲ್ಲ. ರಕ್ತ ತೆಳುಮಾಡುವ ಔಷಧ ಸೇವಿಸುವವರೂ, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರೂ ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಕೈಹಾಕಬಾರದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಉಜ್ಜದೆ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ಅಧಿಕಾರಿ ವರ್ಗದವರಿಗೂ ನಮ್ಮದೊಂದು ವಿಜ್ಞಾಪನೆಯುಂಟು. ಫಿಸಿಯೋಥೆರಪಿ ಮೊದಲಾದ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಮಾಡಿದ ಕಾಯಿದೆಯು ರಾಜ್ಯ ರಾಜ್ಯಗಳಲ್ಲಿ ಪರಿಷತ್ತೂ ನೋಂದಣಿ ಪುಸ್ತಕವೂ ಇರತಕ್ಕದ್ದೆಂದು ವಿಧಿಸಿದೆ. ಆ ಪುಸ್ತಕವು ಸಾಮಾನ್ಯ ಜನರ ಕಣ್ಣಿಗೆ ಬೀಳುವಂತಿದ್ದರೆ ಮಾತ್ರ ಕಾಯಿದೆ ಸಾರ್ಥಕ. ಉಪಕರಣಕ್ಕೆ ಮೈಯೊಡ್ಡುವ ಮೊದಲು, ಅದನ್ನು ಹಿಡಿದ ಕೈ ಶಿಕ್ಷಣ ಪಡೆದ ಕೈಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಪೌರನಿಗೂ ಇದೆ.