ನಿಂತ ಗುಮಾಸ್ತನೇ ಕಾವಲುಗಾರ

ನಾಂಪಲ್ಲಿಯಲ್ಲಿ ನಾವು ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ ಮಸಾಲೆಗಳ ಅಳತೆಯನ್ನು ಬರೆದಿಟ್ಟ ದಪ್ಪ ಪುಸ್ತಕವೊಂದು ಗಲ್ಲಾದ ಬಳಿ ಇರುತ್ತಿದ್ದಿತು. ಗುಮಾಸ್ತನು ಬೇಕಾದ ಪುಟವನ್ನು ಚೀಟಿಗೆ ನಕಲು ಮಾಡಿ ಅಡಿಗೆಮನೆಗೆ ಕಳುಹಿಸುತ್ತಿದ್ದನು. ಒಂದು ದಿನ ಎಣ್ಣೆ ಚೆಲ್ಲಿ, ಸಾರಿನ ಪುಟದ ಎರಡಕ್ಷರಗಳು ಕಲಸಿಹೋದವು. ಗುಮಾಸ್ತನು ಅಲ್ಲಿಯೇ ನಿಂತನು. ಪುಟ ಕೆಟ್ಟ ಸಂಗತಿ ನಮಗೆ ತಿಳಿದುದು ಆಗಲೇ. ಯಾರೂ ತೆರೆಯದ ಪುಟಗಳನ್ನು ಹುಳು ತಿಂದುದು ಎಷ್ಟೋ ವರ್ಷಗಳ ಅನಂತರ ತಿಳಿಯಿತು.

ಜೀವಕೋಶದ ವ್ಯವಹಾರವೂ ಹೀಗೆಯೇ. ಡಿ.ಎನ್.ಎ. ಮೂಲ ಪುಸ್ತಕ, ಆರ್.ಎನ್.ಎ. ಅದರ ನಕಲು ಚೀಟಿ; ಪಾಲಿಮರೇಸ್ ಎಂಬುದು ಗುಮಾಸ್ತ. ಬಿಸಿಲಿನ ಅತಿನೇರಳೆ ಕಿರಣಗಳು ತಾಗಿದರೆ ಡಿ.ಎನ್.ಎ.ಯ ನೆರೆಹೊರೆಯ ಎರಡಕ್ಷರಗಳು ಬೆಸೆದುಕೊಳ್ಳುವುದುಂಟು. ಇಡೀ ಪುಸ್ತಕವನ್ನು ತಿರುವಿ ನೋಡುವ ಕಾವಲೂ ಕೋಶದಲ್ಲಿದೆ. ಆದರೆ ಅದು ನಿಧಾನ. ಓದುತ್ತಿರುವ ಪುಟದಲ್ಲಾದರೋ ಪಾಲಿಮರೇಸ್ ಕೆಟ್ಟ ಅಕ್ಷರದ ಮುಂದೆ ನಿಂತುಬಿಡುತ್ತದೆ. ಆ ನಿಲುಗಡೆಯೇ ಅಪಾಯದ ಗಂಟೆ. ಬಳಕೆಯಲ್ಲಿರುವ ಜೀನಿನ ರಿಪೇರಿ ಬೇಗನೆ ಆಗುವುದೆಂದು ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಫಿಲಿಪ್ ಹಾನವಾಲ್ಟರ ತಂಡದವರು 1985ರಲ್ಲಿ ತೋರಿಸಿದರು. ಅದರ ಎರಡು ಎಳೆಗಳಲ್ಲಿಯೂ ಓದಲ್ಪಡುವ ಎಳೆಗೇ ಆದ್ಯತೆಯೆಂಬುದು 1987ರಲ್ಲಿ ಸ್ಪಷ್ಟವಾಯಿತು.

ಆದರೆ ನಿಂತ ಗುಮಾಸ್ತನು ಕಲೆಯ ಮೇಲೆಯೇ ಕೈಯಿಟ್ಟು ನಿಂತರೆ ತಿದ್ದುವವನಿಗೆ ಎಡೆಯೆಲ್ಲಿ? ಬ್ಯಾಕ್ಟೀರಿಯಗಳಲ್ಲಿ ಎಂ.ಎಫ್.ಡಿ. ಎಂಬ ಪ್ರೋಟೀನು ಅವನನ್ನು ಎಬ್ಬಿಸಿ ರಿಪೇರಿಯವರನ್ನು ಕರೆಯುತ್ತದೆ. ಈ ವಿಷಯದಲ್ಲಿ ನಮ್ಮೂರಿನ ಪಾಲೂ ಇದೆಯೆಂಬುದು ಹೆಮ್ಮೆಯ ಮಾತು. ಬಹುಕಾಲ ನಾಂಪಲ್ಲಿಯಲ್ಲಿದ್ದು ಈಗ ಉಪ್ಪಲ್‌ನಲ್ಲಿರುವ ಸಿ.ಡಿ.ಎಫ್.ಡಿ. ಸಂಸ್ಥೆಯ ರಂಜನ್ ಸೇನ್ ಮತ್ತು ಸಂಗಡಿಗರು, ರೋ ಎಂಬ ಇನ್ನೊಂದು ಪ್ರೋಟೀನೂ ಹೀಗೆ ಸಿಕ್ಕಿಬಿದ್ದ ಪಾಲಿಮರೇಸನ್ನು ಬಿಡಿಸುವುದೆಂದು 2019ರಲ್ಲಿ ಪ್ರಕಟಿಸಿದರು. ಎರಡರಲ್ಲಿಯೂ ದೋಷವಿರುವ ಬ್ಯಾಕ್ಟೀರಿಯಗಳು ಡಿ.ಎನ್.ಎ. ಹಾನಿಯನ್ನು ತಾಳಲಾರವು.

ಮನುಷ್ಯನಲ್ಲಿ ನಿಂತ ಪಾಲಿಮರೇಸನ್ನು ಗುರುತಿಸುವುದು ಸಿ.ಎಸ್.ಬಿ. ಎಂಬ ಪ್ರೋಟೀನು, ಸಿ.ಎಸ್.ಎ. ಅದರ ಜೊತೆಗಾರ. ಇವೆರಡರಲ್ಲಿ ಯಾವುದೊಂದರ ಜೀನಾದರೂ ತಂದೆತಾಯಿ ಇಬ್ಬರಿಂದಲೂ ಕೆಟ್ಟೇ ಬಂದರೆ ಮಗುವಿಗೆ ಕಾಕೇನ್ ರೋಗ ತಗಲುತ್ತದೆ. ಇದು ಬಲು ಅಪರೂಪದ ರೋಗ. ಎಳೆಬಿಸಿಲಿಗೂ ಚರ್ಮ ಸುಡುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಕಣ್ಣು ಕಿವಿಗಳು ಮಂದವಾಗುತ್ತವೆ, ಬಾಲ್ಯದಲ್ಲಿಯೇ ಮುಪ್ಪಿನ ಚಿಹ್ನೆಗಳು ಕಾಣಿಸುತ್ತವೆ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮವರಲ್ಲಿ ಇನ್ನೂ ಅಳಿದಿಲ್ಲ. ಒಂದೇ ಮನೆತನದಲ್ಲಿ ಅಡಗಿದ ದೋಷವು ಇಂತಹ ಮದುವೆಗಳಲ್ಲಿ ಎರಡು ಕಡೆಯಿಂದಲೂ ಬಂದು ಕೂಡುವ ಸಂಭವ ಹೆಚ್ಚು. ಇಂತಹ ಮಗು ಹುಟ್ಟಿದಾಗ ತಾಯಿಯನ್ನು ದೂರುವುದಾಗಲಿ, ಶಾಪವೆಂದು ಮರೆಮಾಚುವುದಾಗಲಿ ಸಲ್ಲದು. ರೋಗವನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಜೀನು ಪರೀಕ್ಷೆಯುಂಟು. ಮುಂದಿನ ಮಗುವಿನ ವಿಚಾರದಲ್ಲಿ ತಜ್ಞರ ಸಲಹೆಯೂ ಉಂಟು.

ಪುಟ ಕೆಟ್ಟಾಗ ಗುಮಾಸ್ತನನ್ನು ಬಯ್ಯದೆ ಪುಟವನ್ನು ತಿದ್ದಿಸಿದೆವು. ಮನೆಗಳಲ್ಲಿಯೂ ಅದೇ ವಿವೇಕವಿರಲೆಂದು ನಮ್ಮ ಬಿನ್ನಹ.